100 ಮೀ. ಫ್ರೀಸ್ಟೈಲ್: ಎರಡನೇ ಅರ್ಧದಲ್ಲಿ ಸಮಯ ಸೋರುವುದೆಲ್ಲಿ?

ಪ್ರಶ್ನೆ: ವಯಸ್ಸು 42. 25 ಮೀಟರ್ ಕೊಳದಲ್ಲಿ ನನ್ನ 100 ಮೀ. ಫ್ರೀಸ್ಟೈಲ್ 1:32ಕ್ಕೆ ನಿಂತುಬಿಟ್ಟಿದೆ. ಮೊದಲ 50 ಮೀ. 42 ಸೆಕೆಂಡು, ಎರಡನೆಯದು 50. ವಾರಕ್ಕೆ ಮೂರು ದಿನ, ದಿನಕ್ಕೆ 2000 ಮೀ. ಒಂದೇ ಹದದಲ್ಲಿ ಈಜುತ್ತೇನೆ. ದೂರ ಹೆಚ್ಚಿಸಬೇಕೇ ಸರ್?

ಉತ್ತರ (ಈಜು ತರಬೇತುದಾರ): ಬೇಡ, ಅಷ್ಟು ದೂರ ಸಾಕು. ಡೈವ್‌ನ ಲಾಭ ಇರುವುದರಿಂದ ಮೊದಲ 50 ಸ್ವಲ್ಪ ವೇಗವಾಗಿಯೇ ಆಗುತ್ತದೆ; ಮೂರ್ನಾಲ್ಕು ಸೆಕೆಂಡಿನ ಅಂತರ ಸಹಜ. ನಿಮ್ಮದು ಎಂಟು. ಅಂದರೆ ಶುರುವಿನಲ್ಲೇ ಶಕ್ತಿ ಮುಗಿಸುತ್ತಿದ್ದೀರಿ, ಸುಸ್ತಾದ ಮೇಲೆ ಕಾಲು ಮುಳುಗುತ್ತಿದೆ.

ನೀರಿನಲ್ಲಿ ವೇಗ ಶೇ. 5ರಷ್ಟು ಹೆಚ್ಚಬೇಕಾದರೆ ಸುಮಾರು ಶೇ. 16ರಷ್ಟು ಹೆಚ್ಚು ಶಕ್ತಿ ಬೇಕು. ಹಾಗಾಗಿ ತೋಳಿನ ಬಲಕ್ಕಿಂತ ಮೊದಲು ನೀರಿನ ಎಳೆತ ಕಡಿಮೆ ಮಾಡಿಕೊಳ್ಳಿ. ದೃಷ್ಟಿ ಕೊಳದ ತಳದ ಕಡೆ ಇರಲಿ. ಉಸಿರು ತೆಗೆದುಕೊಳ್ಳುವಾಗ ಈಜು ಕನ್ನಡಕದ ಒಂದು ಗಾಜು ನೀರಿನೊಳಗೇ ಉಳಿಯಬೇಕು. ತಲೆ ಎತ್ತಿದರೆ ಸೊಂಟ ಇಳಿಯುತ್ತದೆ. ಮುಖ ನೀರಿನಲ್ಲಿರುವಷ್ಟು ಹೊತ್ತೂ ಉಸಿರು ಬಿಡುತ್ತಲೇ ಇರಿ. ಕೈ ನೀರು ಹಿಡಿಯುವಾಗ ಬೆರಳ ತುದಿ ಕೆಳಕ್ಕೆ, ಮೊಣಕೈ ಮೇಲೆ. ಮೊಣಕೈ ಕುಸಿದರೆ ಅಂಗೈ ನೀರನ್ನು ಹಿಂದಕ್ಕೆ ತಳ್ಳುವ ಬದಲು ಕೆಳಕ್ಕೆ ಒತ್ತುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಇದು.

ಗುರಿ 1:28 ಇಟ್ಟುಕೊಳ್ಳಿ: 43 + 45. ವಾರದಲ್ಲಿ ಒಂದು ದಿನ 500 ಮೀ. ವಾರ್ಮ್‌ಅಪ್ ಆದಮೇಲೆ 25 ಮೀ. × 12, ಪ್ರತಿಯೊಂದೂ 22 ಸೆಕೆಂಡಿಗೆ, ನಡುವೆ 20 ಸೆಕೆಂಡು ವಿಶ್ರಾಂತಿ. ಸತತ ಎರಡು ಬಾರಿ ತಪ್ಪಿದರೆ ಆ ಸೆಟ್ ಅಲ್ಲಿಗೇ ನಿಲ್ಲಿಸಿ. ನಿಧಾನವಾದ ಸ್ಟ್ರೋಕನ್ನೇ ದೇಹಕ್ಕೆ ಕಲಿಸಿದರೆ ಪ್ರಯೋಜನವಿಲ್ಲ. ಸರಾಗವಾದರೆ 16ಕ್ಕೆ ಏರಿಸಿ.

ಇನ್ನೊಂದು ದಿನ ಸಹನಶಕ್ತಿಗೆ. 400 ಮತ್ತು 200 ಮೀ. ಎರಡನ್ನೂ ಪೂರ್ತಿ ಜೋರಾಗಿ ಈಜಿ ಸಮಯ ಬರೆದುಕೊಳ್ಳಿ. ಉದಾಹರಣೆಗೆ 7:40 ಮತ್ತು 3:40 ಬಂದರೆ ವ್ಯತ್ಯಾಸ 4 ನಿಮಿಷ. ಅದರ ಅರ್ಧ, ಅಂದರೆ 100ಕ್ಕೆ 2:00 ನಿಮ್ಮ ವೇಗ. ಆ ವೇಗದಲ್ಲಿ 100 × 8, ನಡುವೆ 20 ಸೆಕೆಂಡು ಬಿಡುವು. ಮೂರನೇ ದಿನ ತಂತ್ರ ಮತ್ತು ಟರ್ನ್ (ಗೋಡೆಯ ಬಳಿ ತಿರುಗುವುದು) ಮಾತ್ರ.

ಪ್ರಶ್ನೆ: ಟರ್ನ್‌ಗೆ ಒಂದು ಇಡೀ ದಿನ ಬೇಕೇ?

ಉತ್ತರ: 25 ಮೀಟರ್ ಕೊಳದಲ್ಲಿ 100ಕ್ಕೆ ಮೂರು ಟರ್ನ್. ಒಂದೊಂದರಲ್ಲಿ ಅರ್ಧ ಸೆಕೆಂಡು ಉಳಿದರೂ ಒಂದೂವರೆ ಸೆಕೆಂಡು, ಅದೂ ಹೆಚ್ಚುವರಿ ಫಿಟ್‌ನೆಸ್ ಇಲ್ಲದೆ! ಗೋಡೆ ಮುಟ್ಟುವ ಮುಂಚಿನ ಸ್ಟ್ರೋಕ್‌ನಲ್ಲೂ ಮೇಲೆ ಬಂದ ಮೊದಲ ಸ್ಟ್ರೋಕ್‌ನಲ್ಲೂ ಉಸಿರು ತೆಗೆಯಬೇಡಿ. ಗೋಡೆ ಒದ್ದಾಗ ಕೈಗಳು ಕಿವಿಯ ಹಿಂದೆ ಬಿಗಿಯಾಗಿರಲಿ. ನೀರಿನಡಿ 15 ಮೀ. ತನಕ ನಿಯಮ ಬಿಡುತ್ತದೆ, ಆದರೆ ಕಿಕ್ ದುರ್ಬಲವಿದ್ದರೆ ಎರಡು ಮೂರು ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಒಟ್ಟಿಗೆ ಬಡಿಯುವುದು) ಹಾಕಿ ಮೇಲೆ ಬನ್ನಿ.

ಪ್ರಶ್ನೆ (ಇನ್ನೊಬ್ಬರು): ನನಗೆ 48 ವರ್ಷ. ಪ್ಯಾಡಲ್ (ಅಂಗೈಗೆ ಕಟ್ಟುವ ಚಪ್ಪಟೆ ಹಲಗೆ) ಹಾಕಿ ಈಜಿದರೆ ಭುಜ ನೋಯುತ್ತದೆ ಮೇಡಂ.

ಉತ್ತರ (ಫಿಸಿಯೋಥೆರಪಿಸ್ಟ್): ನೋವು ಹೋಗುವ ತನಕ ಪ್ಯಾಡಲ್ ಬಿಡಿ. ಕೈ ತಲೆಯ ಮುಂದೆ ದೇಹದ ನಡುಗೆರೆ ದಾಟಿ ಇಳಿಯುತ್ತಿದೆಯೇ, ಹೆಬ್ಬೆರಳು ಮೊದಲು ನೀರಿಗೆ ಬೀಳುತ್ತಿದೆಯೇ ಎಂದು ವಿಡಿಯೋದಲ್ಲಿ ನೋಡಿ. ಎರಡೂ ಭುಜಕ್ಕೆ ಭಾರ. ಕೈ ಭುಜದ ನೇರಕ್ಕೆ, ಅಂಗೈ ಕೆಳಮುಖವಾಗಿ ಇಳಿಯಲಿ. ವಾರಕ್ಕೆ ಎರಡು ಸಲ ರಬ್ಬರ್ ಬ್ಯಾಂಡ್‌ನಿಂದ ಭುಜ ಹೊರತಿರುಗಿಸುವ ವ್ಯಾಯಾಮ, 15ರಂತೆ ಮೂರು ಸುತ್ತು. ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ ತಪಾಸಣೆ ಮಾಡಿಸಿಕೊಳ್ಳಿ.

ಪ್ರಶ್ನೆ: ಸ್ಪರ್ಧೆಯ ವಾರ ಪೂರ್ತಿ ವಿಶ್ರಾಂತಿಯೇ?

ಉತ್ತರ (ತರಬೇತುದಾರ): ಅಲ್ಲ. ಹತ್ತು ದಿನ ಮೊದಲಿಂದ ದೂರ ಅರ್ಧಕ್ಕಿಳಿಸಿ, ವೇಗ ಇಳಿಸಬೇಡಿ. ಪ್ರತಿ ಅಭ್ಯಾಸದಲ್ಲೂ ಸ್ಪರ್ಧೆಯ ವೇಗದಲ್ಲಿ 25 × 4 ಇರಲಿ, ಒಂದೊಂದರ ನಡುವೆ ಒಂದು ನಿಮಿಷ ಬಿಡುವು.