ಬೋಪಣ್ಣ ಗೆದ್ದದ್ದು ‘ಬರೀ ಡಬಲ್ಸ್’ ಅಂತೀರಾ?

ಕಾಫಿತೋಟ:
ಟೆನಿಸ್ ಆಟಗಾರ ರೋಹನ್ ಬೋಪಣ್ಣ 2025ರ ನವೆಂಬರ್ 1ರಂದು ನಿವೃತ್ತಿ ಹೇಳಿದಾಗಿನಿಂದ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ. “ಒಳ್ಳೆ ಆಟಗಾರ, ಆದರೆ ಬರೀ ಡಬಲ್ಸ್ ತಾನೇ?” ಮೊನ್ನೆ ನಮ್ಮ ಸೋದರಮಾವನೂ ಊಟಕ್ಕೆ ಕೂತಾಗ ಇದನ್ನೇ ಅಂದರು. ನನಗೆ ತುಂಬಾ ಬೇಜಾರಾಯಿತು.

2024ರ ಜನವರಿ 27, ಮೆಲ್ಬರ್ನ್‌ನ ರಾಡ್ ಲೇವರ್ ಅರೀನಾ. ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಫೈನಲ್. ಬೋಪಣ್ಣ ಮತ್ತು ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಇಟಲಿಯ ಸಿಮೋನೆ ಬೊಲೆಲ್ಲಿ, ಆಂಡ್ರಿಯಾ ವಾವಸ್ಸೋರಿ ಜೋಡಿಯನ್ನು 7-6, 7-5ರಲ್ಲಿ ಸೋಲಿಸಿದರು. ಮೊದಲ ಸೆಟ್ 6-6 ಆದಾಗ ಅದನ್ನು ತೀರ್ಮಾನಿಸಿದ ಟೈಬ್ರೇಕ್ 7-0! ಗ್ರ್ಯಾನ್ ಸ್ಲಾಮ್ ಫೈನಲ್‌ನಲ್ಲಿ ಎದುರಾಳಿಗೆ ಒಂದೇ ಒಂದು ಪಾಯಿಂಟ್ ಕೊಡಲಿಲ್ಲ. ಆಗ ನಮ್ಮ ಕೊಡಗಿನ ಬೋಪಣ್ಣರಿಗೆ 43 ವರ್ಷ. ಓಪನ್ ಯುಗದಲ್ಲಿ, ಅಂದರೆ 1968ರಿಂದೀಚೆಗೆ, ಆ ವಯಸ್ಸಿಗೆ ಪುರುಷರ ಡಬಲ್ಸ್ ಗ್ರ್ಯಾನ್ ಸ್ಲಾಮ್ ಗೆದ್ದವರು ಬೇರೆ ಯಾರೂ ಇಲ್ಲ. ಎರಡು ದಿನ ಬಿಟ್ಟು ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1. ಇದರಲ್ಲಿ ‘ಬರೀ’ ಎಲ್ಲಿಂದ ಬಂತು?

ಬೇಸ್‌ಲೈನ್ ಪ್ರೇಮಿ:
ಬೋಪಣ್ಣ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ನಿಮ್ಮ ಮಾವ ಹೇಳಿದ್ದರಲ್ಲೂ ನಿಜ ಇದೆ. ಅದೇ ವರ್ಷ ಅಲ್ಲಿ ಸಿಂಗಲ್ಸ್ ಗೆದ್ದ ಯಾನಿಕ್ ಸಿನ್ನರ್‌ಗೆ ಸಿಕ್ಕಿದ್ದು 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಗೆದ್ದ ಜೋಡಿಗೆ 7.3 ಲಕ್ಷ, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಟೂರ್ನಿ ನಡೆಸುವವರೇ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ.

ಸಿಂಗಲ್ಸ್‌ನ ದೊಡ್ಡ ಹೆಸರುಗಳು ಡಬಲ್ಸ್ ಕಡೆ ತಲೆ ಹಾಕುವುದೇ ಅಪರೂಪ. ಹಾಕಿದಾಗ ಏನಾಗುತ್ತದೆ? 2022ರಲ್ಲಿ ಅದೇ ಮೆಲ್ಬರ್ನ್‌ನಲ್ಲಿ ಕಿರ್ಗಿಯೋಸ್, ಕೊಕ್ಕಿನಾಕಿಸ್ ವೈಲ್ಡ್ ಕಾರ್ಡ್ (ಆಯೋಜಕರು ಕೊಡುವ ನೇರ ಪ್ರವೇಶ) ಹಿಡಿದು ಬಂದರು, ಕಪ್ ಎತ್ತಿಕೊಂಡು ಹೋದರು. ಫೈನಲ್‌ನಲ್ಲಿ ಸೋತವರು ಯಾರು ಗೊತ್ತಾ? ಇದೇ ಎಬ್ಡೆನ್ ಮತ್ತು ಪರ್ಸೆಲ್. ಇನ್ನೊಂದು ನೆನಪಿಸುತ್ತೇನೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ಸಿಂಗಲ್ಸ್‌ನಲ್ಲಿ ಎಬ್ಡೆನ್ ಜೋಕೊವಿಚ್ ಎದುರು 0-6, 1-6ರಲ್ಲಿ ಸೋತರು. ನೋಡೋಕೆ ಸಂಕಟ ಆಗುತ್ತಿತ್ತು.

ಮೆಲ್ಬರ್ನ್ ಕನ್ನಡತಿ:
ಅರ್ಧ ಹೇಳಿ ನಿಲ್ಲಿಸಿದಿರಿ. ಎಬ್ಡೆನ್ ಎರಡು ವರ್ಷದಿಂದ ಸಿಂಗಲ್ಸ್ ಆಡಿಯೇ ಇರಲಿಲ್ಲ. ಬೇರೆಯವರು ಹಿಂದೆ ಸರಿದರು ಅಂತ ಕೊನೆ ಗಳಿಗೆಯಲ್ಲಿ ಇವರನ್ನು ಇಳಿಸಿದರು. ಅದೇ ಒಲಿಂಪಿಕ್ಸ್‌ನಲ್ಲಿ ಇದೇ ಎಬ್ಡೆನ್ ಜಾನ್ ಪೀರ್ಸ್ ಜೊತೆ ಡಬಲ್ಸ್ ಚಿನ್ನ ಗೆದ್ದರು. ಸಿಂಗಲ್ಸ್‌ನಲ್ಲಿ ಒಂದೇ ಗೇಮ್ ಗೆದ್ದವನ ಕೊರಳಲ್ಲಿ ಕೆಲವೇ ದಿನಗಳಲ್ಲಿ ಚಿನ್ನ! ಇವು ಎರಡು ಬೇರೆ ಬೇರೆ ಕಸುಬು ಅನ್ನೋದಕ್ಕೆ ಇನ್ನೇನು ಬೇಕು?

2022ರ ಸೋಲಿನ ವಿಷಯವೂ ಅಷ್ಟೇ. ಅದೇ ಎಬ್ಡೆನ್, ಪರ್ಸೆಲ್ ಆರು ತಿಂಗಳೊಳಗೆ ವಿಂಬಲ್ಡನ್ ಗೆದ್ದರು, ಫೈನಲ್‌ನಲ್ಲಿ ಐದು ಸೆಟ್ ಆಡಿ.

ಬೇಸ್‌ಲೈನ್ ಪ್ರೇಮಿ:
ಬೇರೆ ಕಸುಬು, ಸರಿ. ಆದರೆ ಸಮ ಕಸುಬಾ? ಮಂಡಿಯ ಕಾರ್ಟಿಲೇಜ್ ಪೂರ್ತಿ ಸವೆದಿದೆ ಅಂತ ಬೋಪಣ್ಣ ಅವರೇ ಹೇಳಿದ್ದಾರೆ. ಕೋವಿಡ್ ಕಾಲದಲ್ಲಿ ಅಯ್ಯಂಗಾರ್ ಯೋಗ ಹಿಡಿದ ಮೇಲೆಯೇ ನೋವು ಹತೋಟಿಗೆ ಬಂತಂತೆ. ಆ ಮಂಡಿ ಇಟ್ಟುಕೊಂಡು ಐದು ಸೆಟ್ ಸಿಂಗಲ್ಸ್ ಸಾಧ್ಯವೇ ಇಲ್ಲ. ಡಬಲ್ಸ್‌ನಲ್ಲಿ ಸಾಧ್ಯವಾಯಿತು. ಅಲ್ಲೇ ಉತ್ತರ ಇದೆ ಅಲ್ವಾ?

ಕಬ್ಬನ್ ಪಾರ್ಕ್ ಕಾಯಂ:
ಓಡಾಟ ಕಡಿಮೆ, ಒಪ್ಪಿದೆ. ಆದರೆ ಸಮಯವೂ ಕಡಿಮೆ. ಟಿವಿಯಲ್ಲಿ ಮೇಲಿನಿಂದ ತೋರಿಸುತ್ತಾರೆ, ಅದಕ್ಕೇ ಈ ವೇಗ ಗೊತ್ತಾಗುವುದಿಲ್ಲ.

ಬೆಂಗಳೂರು ಓಪನ್ ಚಾಲೆಂಜರ್ ಟೂರ್ನಿ ನಡೆದಾಗ ಕೆಎಸ್‌ಎಲ್‌ಟಿಎ (ರಾಜ್ಯ ಟೆನಿಸ್ ಸಂಸ್ಥೆ) ಅಂಗಳದಲ್ಲಿ ಒಂದು ಡಬಲ್ಸ್ ಪಂದ್ಯವನ್ನು ಕೋರ್ಟಿನ ಪಕ್ಕದಲ್ಲೇ ನಿಂತು ನೋಡಿದ್ದೆ. ನೆಟ್ ಹತ್ತಿರ ಇದ್ದವನು ಮಧ್ಯದ ಗೆರೆಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ತಲೆ ನೆಟ್‌ಗಿಂತ ಕೆಳಗೆ. ಹಿಂದಿನಿಂದ ಜೊತೆಗಾರ ಹೊಡೆದ ಸರ್ವ್ ಇವನ ತಲೆ ಮೇಲೆ ಹಾದು ಹೋಯಿತು. ಚೆಂಡು ಆ ಕಡೆ ಪುಟಿಯುವ ಮುಂಚೆಯೇ ಇವನು ಎಡಕ್ಕೆ ಹಾರಿದ್ದ, ಸರ್ವ್ ಮಾಡಿದವನು ಬಲಕ್ಕೆ ಓಡಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲೇ ಇಲ್ಲ. ರಿಟರ್ನ್ ನೇರ ಇವನ ರ‍್ಯಾಕೆಟ್‌ಗೇ ಬಂತು. ಟಪ್ ಅಂತ ಒಂದು ಸದ್ದು. ಪಾಯಿಂಟ್ ಮುಗೀತು. ನನ್ನ ಪಕ್ಕ ಇದ್ದ ಚಿಕ್ಕ ಹುಡುಗಿ “ಅಪ್ಪಾ, ಚೆಂಡು ಎಲ್ಲಿ ಹೋಯ್ತು?” ಅಂತ ಕೇಳಿದಳು.

ಅವತ್ತಿನಿಂದ ನಾನು ಡಬಲ್ಸ್‌ನಲ್ಲಿ ಚೆಂಡು ನೋಡುವುದೇ ಬಿಟ್ಟಿದ್ದೇನೆ. ಚೆಂಡು ಹೊಡೆಯದೆ ಇರುವವನನ್ನು ನೋಡುತ್ತೇನೆ. ಆಟ ಇರುವುದೇ ಅವನ ಕಾಲಲ್ಲಿ.

ಸೆಕೆಂಡ್ ಸರ್ವ್:
ನನ್ನ ತಕರಾರೇ ಬೇರೆ. ಡಬಲ್ಸನ್ನು ಕಡೆಗಣಿಸಿದ್ದು ಪ್ರೇಕ್ಷಕರಲ್ಲ, ನಡೆಸುವವರು. ಪುರುಷರ ವೃತ್ತಿಪರ ಟೆನಿಸ್ ನಡೆಸುವ ಎಟಿಪಿ ಟೂರ್‌ನಲ್ಲಿ ಡಬಲ್ಸ್‌ನಲ್ಲಿ ಡ್ಯೂಸ್ (40-40) ಆದರೆ ಒಂದೇ ಪಾಯಿಂಟ್, ಅಲ್ಲೇ ಗೇಮ್ ಇತ್ಯರ್ಥ. ಮೂರನೇ ಸೆಟ್ ಬದಲು 10 ಪಾಯಿಂಟ್‌ನ ಟೈಬ್ರೇಕ್. ಎಲ್ಲ ಬೇಗ ಮುಗಿಯಬೇಕು ಅಂತ. ವಿಂಬಲ್ಡನ್‌ನಲ್ಲಿ ಮಾತ್ರ ಪುರುಷರ ಡಬಲ್ಸ್ ಐದು ಸೆಟ್ ಉಳಿದಿತ್ತು. 2023ರಲ್ಲಿ ಅದನ್ನೂ ಮೂರಕ್ಕೆ ಇಳಿಸಿದರು.

2025ರ ಯುಎಸ್ ಓಪನ್ ಮಿಶ್ರ ಡಬಲ್ಸ್ ನೋಡಿ. ಮುಖ್ಯ ಟೂರ್ನಿಗೆ ಮುಂಚೆಯೇ ಎರಡು ದಿನದಲ್ಲಿ ಮುಗಿಸಿದರು. 16 ಜೋಡಿ, ಬಹುತೇಕ ಸಿಂಗಲ್ಸ್ ತಾರೆಗಳು, ಫೈನಲ್ ಬಿಟ್ಟು ಉಳಿದ ಸೆಟ್‌ಗಳೆಲ್ಲ ನಾಲ್ಕೇ ಗೇಮ್. ವರ್ಷವಿಡೀ ಡಬಲ್ಸ್ ಆಡಿ ಹೊಟ್ಟೆ ಹೊರೆಯುವವರಿಗೆ ಹೆಚ್ಚುಕಡಿಮೆ ಜಾಗವೇ ಇರಲಿಲ್ಲ. ಆದರೂ ಗೆದ್ದವರು ಡಬಲ್ಸ್ ಆಟಗಾರರಾದ ಸಾರಾ ಎರ‍್ರಾನಿ ಮತ್ತು ವಾವಸ್ಸೋರಿ. ಮೆಲ್ಬರ್ನ್‌ನಲ್ಲಿ ಬೋಪಣ್ಣರಿಗೆ ಸೋತ ಅದೇ ವಾವಸ್ಸೋರಿ! ಫೈನಲ್‌ನಲ್ಲಿ ಎದುರಿಗೆ ಸಿಂಗಲ್ಸ್ ತಾರೆಗಳಾದ ಸ್ವಿಯಾಟೆಕ್, ಕ್ಯಾಸ್ಪರ್ ರೂಡ್ ಇದ್ದರು.

ಬೇಸ್‌ಲೈನ್ ಪ್ರೇಮಿ:
ಅಲ್ಲಿ ಕ್ರೀಡಾಂಗಣ ತುಂಬಿತ್ತು, ಅದನ್ನೂ ಹೇಳಿ. ಜನ ಬಂದದ್ದು ಆ ತಾರೆಗಳಿಗೋಸ್ಕರ.

ಸೆಕೆಂಡ್ ಸರ್ವ್:
ಬಂದದ್ದು ಅವರಿಗೋಸ್ಕರ, ನಿಜ. ಆದರೆ ದೊಡ್ಡ ಕೋರ್ಟ್ ಕೊಟ್ಟು, ಒಳ್ಳೆ ಹೊತ್ತಿನಲ್ಲಿ ಇಟ್ಟು, ಗೆದ್ದವರಿಗೆ 10 ಲಕ್ಷ ಡಾಲರ್ ಇಟ್ಟರೆ ಜನ ಕೂತು ನೋಡುತ್ತಾರೆ ಅನ್ನುವುದೂ ಗೊತ್ತಾಯಿತು. ಅಷ್ಟನ್ನೇ ಪುರುಷರ ಡಬಲ್ಸ್‌ಗೂ ಮಾಡಿ ನೋಡಲಿ.

ಕಾಫಿತೋಟ:
ಮಂಡಿ ವಿಷಯಕ್ಕೆ ವಾಪಸ್ ಬರುತ್ತೇನೆ. 2010ರ ಯುಎಸ್ ಓಪನ್ ಪುರುಷರ ಡಬಲ್ಸ್ ಫೈನಲ್‌ನಲ್ಲಿ ಬೋಪಣ್ಣ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಶಿ ಜೊತೆ ಆಡಿದರು. ಎದುರಿಗೆ ಬ್ರಯಾನ್ ಸಹೋದರರು. ಎರಡೂ ಸೆಟ್ ಟೈಬ್ರೇಕ್‌ನಲ್ಲಿ ಕೈತಪ್ಪಿತು. ಪುರುಷರ ಡಬಲ್ಸ್‌ನಲ್ಲಿ ಮುಂದಿನ ಗ್ರ್ಯಾನ್ ಸ್ಲಾಮ್ ಫೈನಲ್ ಬಂದದ್ದು 2023ರಲ್ಲಿ, ಎಬ್ಡೆನ್ ಜೊತೆ. ಅದರಲ್ಲೂ ಸೋಲು. ಕೊನೆಗೆ ಗೆದ್ದ 2024ರ ಮೆಲ್ಬರ್ನ್‌ನಲ್ಲಿ ಮೊದಲ ಸುತ್ತೇ ಕೊನೆಯ ಟೈಬ್ರೇಕ್‌ವರೆಗೆ ಹೋಯಿತು, ಸೆಮಿಫೈನಲ್ ಕೂಡ. ಡಬಲ್ಸ್ ಸುಲಭ ಅಂತ ಅವರು ಅಲ್ಲಿ ಉಳಿಯಲಿಲ್ಲ. 13 ವರ್ಷ ಕಾದು, ನೋವು ತಿಂದು ಉಳಿದರು.

ಬೇಸ್‌ಲೈನ್ ಪ್ರೇಮಿ:
ಅವರ ಛಲಕ್ಕೆ ನನ್ನ ತಕರಾರಿಲ್ಲ. ಸಿಂಗಲ್ಸ್ ದೊಡ್ಡದು ಅನ್ನುವ ಮಾತನ್ನೂ ನಾನು ಬಿಡುವುದಿಲ್ಲ. ಆದರೆ ಕಬ್ಬನ್ ಪಾರ್ಕ್‌ನವರೇ, ಒಂದು ಹೇಳಿ. ಇಬ್ಬರೂ ನೋಡಿಕೊಳ್ಳದೆ ಎಡಕ್ಕೆ ಬಲಕ್ಕೆ ಹೇಗೆ ಹೋದರು?

ಕಬ್ಬನ್ ಪಾರ್ಕ್ ಕಾಯಂ:
ಸರ್ವ್‌ಗೆ ಮುಂಚೆ ನೆಟ್ ಹತ್ತಿರ ಇರುವವನು ಒಂದು ಕೈಯನ್ನು ಬೆನ್ನ ಹಿಂದೆ ಇಡುತ್ತಾನೆ. ಯಾವ ಕಡೆ ಸರ್ವ್ ಬೇಕು, ತಾನು ಯಾವ ಕಡೆ ಹೋಗುತ್ತೇನೆ, ಎಲ್ಲ ಬೆರಳಲ್ಲೇ ಹೇಳುತ್ತಾನೆ. ಯಾವ ಬೆರಳಿಗೆ ಏನರ್ಥ ಅನ್ನುವುದು ಆಯಾ ಜೋಡಿಯ ಗುಟ್ಟು. ಸರ್ವ್ ಮಾಡುವವನು ಸಣ್ಣಗೆ “ಯಸ್” ಅಂತಾನೆ. ಮುಂದಿನ ಸಲ ಚಾಲೆಂಜರ್ ಬಂದಾಗ ಬನ್ನಿ, ಸರ್ವ್ ಮಾಡುವವನ ಬೆನ್ನ ಹಿಂದಿನ ಸೀಟು ಹಿಡಿಯೋಣ. ಅಲ್ಲಿಂದ ಆ ಕೈ ಚೆನ್ನಾಗಿ ಕಾಣುತ್ತದೆ.