ಮುಚ್ಚಿಟ್ಟ ಲ್ಯಾಪ್‌ಟಾಪಲ್ಲಿ ಚಾರ್ಜ್ ಇಳಿಯುತ್ತಿದೆ, ಅನುಭವ ಇದ್ದವರು ಹೇಳಿ

ಕೇಳಿದವರು: ಲಿನಕ್ಸ್ ಹಾಕಿದ್ದೇನೆ. ರಾತ್ರಿ 80 ಪರ್ಸೆಂಟ್ ಇದ್ದದ್ದು ಬೆಳಿಗ್ಗೆ 55. ಸಸ್ಪೆಂಡ್‌ಗೆ ಎಸ್2ಐಡಲ್ (ಹಗುರ ನಿದ್ದೆ) ಮಾತ್ರ ಇದೆ, ಡೀಪ್ (ಮೆಮೊರಿ ಬಿಟ್ಟು ಹೆಚ್ಚಿನದೆಲ್ಲ ಆಫ್ ಆಗುವುದು) ಇಲ್ಲ. ಏನು ಮಾಡಿದಿರಿ?

ಹಳೇ ಪೆಟ್ಟಿಗೆ: ನಾನು ಲಿನಕ್ಸ್ ಶುರುವಾಗುವಾಗ ಓದುವ ಬೂಟ್ ಸಾಲಿಗೆ ಡೀಪ್ ಸೇರಿಸಿದೆ. ರಾತ್ರಿಗೆ 2 ಪರ್ಸೆಂಟ್ ಅಷ್ಟೇ! ಆದರೆ ಎದ್ದ ಮೇಲೆ ಟಚ್‌ಪ್ಯಾಡ್ ಸತ್ತಿರುತ್ತಿತ್ತು. ಡ್ರೈವರ್ ತೆಗೆದು ಮತ್ತೆ ಹಾಕುವ ಸ್ಕ್ರಿಪ್ಟ್ ಬರೆಯುತ್ತಾ ಮೂರು ವಾರ ಕಳೆದೆ. ಕೊನೆಗೆ 450 ರೂಪಾಯಿ ಕೊಟ್ಟು ಮೌಸ್ ತಂದೆ. ಈಗಲೂ ಡೀಪೇ ಸರಿ ಅಂತೀನಿ.

ನಿದ್ದೆಗೆಟ್ಟವ: ಡೀಪ್ ಇಲ್ಲ ಅಂತ ಅವರೇ ಬರೆದಿದ್ದಾರಲ್ಲ, ಓದಿದಿರಾ? ಹೊಸ ಮೆಷಿನ್‌ಗಳಲ್ಲಿ ಎಷ್ಟೋ ಕಡೆ ಫರ್ಮ್‌ವೇರೇ ಎಸ್3, ಅಂದರೆ ಆ ಡೀಪ್, ಕೊಡಲ್ಲ. ಇನ್ನು ಮೌಸ್ ವಿಷಯ. ನಾನು ಕರೆಂಟ್ ಉಳಿಸೋಣ ಅಂತ ಪವರ್‌ಟಾಪ್ ಅನ್ನೋ ಟೂಲ್‌ನ ಆಟೋಟ್ಯೂನ್ ಹಾಕಿ ಪಟ್ಟ ಪಾಡು ಬೇಡ. ಕೈ ತೆಗೆದು ಎರಡು ಸೆಕೆಂಡ್ ಆದರೆ ಮೌಸ್ ನಿದ್ದೆ. ಅಲ್ಲಾಡಿಸಿದರೆ ಏಳಲ್ಲ, ಕ್ಲಿಕ್ ಮಾಡಬೇಕು. ಮೀಟಿಂಗಲ್ಲಿ ಕ್ಲಿಕ್ ಮಾಡಿದೆ, ಬಾಣ ಇದ್ದದ್ದು ಲೀವ್ ಬಟನ್ ಮೇಲೆ. ಆವತ್ತೇ ಮೌಸ್ ನಿದ್ದೆ ಹೋಗದ ಹಾಗೆ ಅದರ ಪವರ್ ಕಂಟ್ರೋಲ್ ಫೈಲಿಗೆ 'ಆನ್' ಅಂತ ಬರೆದೆ.

ಸ್ವಾಪ್ ಸುಬ್ಬ: ಹೈಬರ್ನೇಟ್ ಮಾಡಿ (ಮೆಮೊರಿಯಲ್ಲಿದ್ದದ್ದು ಡಿಸ್ಕಿಗೆ ಬರೆದು ಮೆಷಿನ್ ಆಫ್), ಕಾಟ ತಪ್ಪುತ್ತೆ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ಕಾವಲು) ಆಫ್ ಮಾಡಬೇಕಾಯಿತು, ಇಲ್ಲದಿದ್ದರೆ ನನ್ನ ಲಿನಕ್ಸ್ ಕರ್ನಲ್ ಹೈಬರ್ನೇಟ್ ಆಗಲು ಬಿಡಲಿಲ್ಲ. ಮೆಮೊರಿಯಲ್ಲಿದ್ದದ್ದು ಬರೆಯುವ 16 ಜಿಬಿ ಸ್ವಾಪ್‌ಗೆ ಡಿಸ್ಕಲ್ಲಿ ಜಾಗ ಮಾಡಲು ಹೋಗಿ, ನನ್ನ ಫೈಲೆಲ್ಲ ಇದ್ದ ಹೋಮ್ ಪಾರ್ಟಿಶನ್ ಹೋಯಿತು. ಫೋಟೋ ವಾಪಸ್ ತೆಗೆಸಲು 6,500. ಆದರೂ ಈಗ ಬ್ಯಾಟರಿ ಒಂದು ಪರ್ಸೆಂಟೂ ಇಳಿಯಲ್ಲ.

ನಿದ್ದೆಗೆಟ್ಟವ: 6,500 ಕಳಕೊಂಡು ನಮಗೆ ಬುದ್ಧಿ ಹೇಳ್ತೀರಲ್ಲ! ಸುಮ್ನೆ ಶಟ್‌ಡೌನ್ ಮಾಡಿದ್ದರೆ ಆಗ್ತಿರಲಿಲ್ವಾ?

ಸ್ವಾಪ್ ಸುಬ್ಬ: ನನ್ನ ದುಡ್ಡು, ನನ್ನ ಫೋಟೋ. ನೀವು ಮೀಟಿಂಗಲ್ಲಿ ನೆಟ್ಟಗೆ ಕೂತ್ಕೊಳ್ಳಿ.

ಸೊನ್ನೆ ಲೆಕ್ಕ: ಜಗಳ ಆಮೇಲೆ ಆಡಿ. ಎಸ್2ಐಡಲ್‌ನಲ್ಲಿ ಒಂದು ಡಿವೈಸ್ ಎಚ್ಚರ ಇದ್ದರೂ ಇಡೀ ಮೆಷಿನ್ ಆಳದ ನಿದ್ದೆಗೆ ಇಳಿಯದೇ ಇರಬಹುದು. ನನ್ನದು ಇಂಟೆಲ್ ಪ್ರೊಸೆಸರ್. ಲಿನಕ್ಸ್‌ನ ಪಿಎಂಸಿ ಕೋರ್ ಫೋಲ್ಡರಲ್ಲಿ ಎಸ್0 ನಿದ್ದೆಯ, ಅಂದರೆ ಈ ಆಳದ ನಿದ್ದೆಯಲ್ಲಿ ಕಳೆದ ಸಮಯದ, ಮೈಕ್ರೋಸೆಕೆಂಡ್ ಎಣಿಕೆ ಇರುತ್ತೆ. ಸಸ್ಪೆಂಡ್ ಮಾಡಿ ಎಬ್ಬಿಸಿ ನೋಡಿದರೆ ಸೊನ್ನೆ. ಹನ್ನೊಂದು ಸಲ ಸೊನ್ನೆ! ವೈಫೈ ತೆಗೆದೆ, ಬ್ಲೂಟೂತ್ ತೆಗೆದೆ, ಎಸ್‌ಎಸ್‌ಡಿಯನ್ನೂ ಬದಲಿಸಿದೆ, 4,200 ದಂಡ. ಕಳ್ಳ ಸಿಕ್ಕಿದ್ದು ಎಸ್‌ಡಿ ಕಾರ್ಡ್ ರೀಡರ್, ವರ್ಷದಲ್ಲಿ ಒಮ್ಮೆಯೂ ಮುಟ್ಟದ್ದು. ಬಯೋಸಲ್ಲಿ ಆಫ್ ಮಾಡಿದೆ, ಎಣಿಕೆ ಓಡತೊಡಗಿತು.

ಕೇಳಿದವರು: ಸರ್, ನನ್ನದು ಎಎಂಡಿ. ಆ ಫೋಲ್ಡರೇ ಇಲ್ಲ.

ಸೊನ್ನೆ ಲೆಕ್ಕ: ಮೊದಲೇ ಹೇಳಬಾರದಾ ಮಾರಾಯ್ರೇ!

ಹಳೇ ಪೆಟ್ಟಿಗೆ: ಮೌಸ್ 450 ಅಲ್ಲ, 430. ಬಿಲ್ ಸಿಕ್ಕಿತು.