ಪದ ಬೇಕು (ಸಂಜೆಯೊಳಗೆ): ಸ್ಪೆಷಲ್ ಪರ್ಪಸ್ ವೆಹಿಕಲ್

ನಮಸ್ಕಾರ. ವಾರ್ಡ್ ಸಮಿತಿಯ ಕರಪತ್ರ ಸಂಜೆ ಪ್ರೆಸ್ಸಿಗೆ ಹೋಗಬೇಕು. ಸ್ಮಾರ್ಟ್ ಸಿಟಿ ಕೆಲಸಕ್ಕೆಂದೇ ಕಟ್ಟಿದ ಕಂಪನಿಗೆ, ಅಂದರೆ ಸ್ಪೆಷಲ್ ಪರ್ಪಸ್ ವೆಹಿಕಲ್‌ಗೆ (ಎಸ್‌ಪಿವಿ), 'ವಿಶೇಷ ಉದ್ದೇಶ ವಾಹನ' ಎಂದು ಬರೆದಿದ್ದೆ. ಕರಡು ಓದಿದ ಹಿರಿಯರೊಬ್ಬರು "ಕಸದ ಗಾಡಿ ಏನ್ರಿ?" ಅಂದರು. ಬೇರೆ ಪದ ತಿಳಿಸಿ.
— ಹುಬ್ಬಳ್ಳಿ

'ವಾಹನ' ತಪ್ಪು. ವಹ್ ಧಾತು. ಹೊಣೆ ಹೊರುವುದಕ್ಕೆ 'ವಾಹಕ'. ವಿಶೇಷೋದ್ದೇಶವಾಹಕ. ಬಿಡಿಸಿ ಬರೆಯಬೇಡಿ.
— ಧಾರವಾಡ

ವಾಹಕ ಅಂದ್ರ ಕರೆಂಟಿನ ತಂತಿ. ಗಾಡಿ ಇಳಿದು ತಂತಿ ಹಿಡಿಯೋದು ಬ್ಯಾಡ. ಕನ್ನಡದ್ದೇ ಬೇಕಂದ್ರ 'ಬೇರ್ಗುರಿಕೂಟ'.
— ಗದಗ

ಕೂಟ ಅಂದರೆ ಜನ ತಾಟು ಹಿಡಿದು ಬಂದಾರು.
— ಧಾರವಾಡ

ವಿಷಯಕ್ಕೆ ಬರ್ರಿ. ಅದು ಕಂಪನಿ ಕಾಯ್ದೆಯಡಿ ನೋಂದಣಿಯಾದ ಕಂಪನಿ. ಶೇರು ರಾಜ್ಯ ಸರ್ಕಾರಕ್ಕೂ ಪಾಲಿಕೆಗೂ ಅರ್ಧರ್ಧ. ಸ್ಮಾರ್ಟ್ ಸಿಟಿ ಯೋಜನೆಯ 2015ರ ಮಾರ್ಗಸೂಚಿ ತೆಗೆದು ನೋಡ್ರಿ: ಯೋಜನೆಯ ಮಟ್ಟಿಗೆ ಪಾಲಿಕೆಯ ಹಕ್ಕು-ಬಾಧ್ಯತೆಗಳನ್ನು ಕಂಪನಿಗೆ, ತೀರ್ಮಾನದ ಅಧಿಕಾರವನ್ನು ಅದರ ಸಿಇಒಗೆ ವಹಿಸಿಕೊಡಲು ಅಲ್ಲೇ ಹಾದಿ ಮಾಡಿಟ್ಟಾರ. ನೀವು ಓಟು ಹಾಕಿದ್ದು ಕಾರ್ಪೊರೇಟರ್‌ಗೆ, ಟೆಂಡರ್ ಕರೆಯೋದು ಕಂಪನಿ. ಹಾಗಂತ ಕೈಕಟ್ಟಿ ಕೂಡಬೇಕಿಲ್ಲ. ಸರ್ಕಾರದ ಹಿಡಿತದಲ್ಲಿರುವ ಸಂಸ್ಥೆ ಸಂವಿಧಾನದ 12ನೇ ವಿಧಿಯ 'ರಾಜ್ಯ'ದೊಳಗೇ, ಅಂದ್ರ ಮೂಲಭೂತ ಹಕ್ಕುಗಳಿಗೆ ಬದ್ಧವಾದ ಸಂಸ್ಥೆಗಳೊಳಗೆ, ಬರತದೋ ಇಲ್ಲೋ ಅಂತ ನೋಡಲು ಸುಪ್ರೀಂ ಕೋರ್ಟಿನ 1980ರ ಅಜಯ್ ಹಾಸಿಯಾ ತೀರ್ಪಿನ ಒರೆಗಲ್ಲು ಇದೆ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬಹುದು. ಕರಪತ್ರದಾಗ ಇದು ಬರಲಿ. ಪದಕ್ಕೆ 'ಜಂಟಿ ಕಂಪನಿ' ಸಾಕು.
— ಹಾವೇರಿ, ವಕೀಲ

'ಕಂಪನಿ' ಕನ್ನಡವಲ್ಲ. ಬೇರು ಲ್ಯಾಟಿನ್ನಿನ 'ಪಾನಿಸ್', ರೊಟ್ಟಿ. ಕೂಡಿ ರೊಟ್ಟಿ ಮುರಿಯುವವರು. ಅದೇ ಪಾನಿಸ್ ಪೋರ್ಚುಗೀಸರ ಬಾಯಲ್ಲಿ ಸವೆದು ನಮ್ಮ ಭಾಜಿಯ ಪಕ್ಕದ ಪಾವ್ ಆಗಿದೆ.
— ಧಾರವಾಡ

ನಾಟಕ ಕಂಪನಿಯ ಟಿಕೆಟ್ ತಗೊಳ್ಳುವಾಗ ಲ್ಯಾಟಿನ್ ನೆನಪಾಗಿತ್ತೇನ್ರಿ ಸರ್? 1818ರಲ್ಲಿ ನಿಮ್ಮ ಧಾರವಾಡಕ್ಕೆ ಬಂದು ಕಂದಾಯ, ಕಚೇರಿ, ಪಲ್ಟಣ ಎಲ್ಲ ನಡೆಸಿದ್ದು ಯಾರು? 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಬಿದ್ದ ಕಲೆಕ್ಟರ್ ಥ್ಯಾಕರೆ ಯಾರ ನೌಕರ? ಶೇರುದಾರರಿಗೆ ಲಾಭ ಹಂಚುತ್ತಲೇ ರಾಜ್ಯ ಆಳಿದವರಿಗೆ ಜನ 'ಕಂಪನಿ ಸರಕಾರ' ಅಂದರು. ಎಸ್‌ಪಿವಿಗೆ ಇದಕ್ಕಿಂತ ಹತ್ತಿರದ ಮಾತು ಯಾವುದೈತಿ?
— ಹಾವೇರಿ

ಹಂಗಾದ್ರ 'ಲಿಮಿಟೆಡ್'ಗೆ ಬರೆಯೋ 'ನಿಯಮಿತ'ಕ್ಕೂ ಉತ್ತರ ಕೊಡ್ರಿ. ಕರೆಂಟು ಕೊಡೋ ಹೆಸ್ಕಾಂ ಬೋರ್ಡಿನ ಮ್ಯಾಲೆ 'ಕಂಪನಿ' ಇಂಗ್ಲಿಷು, 'ನಿಯಮಿತ' ಸಂಸ್ಕೃತ. ಲಿಮಿಟ್ ಇರೋದು ಶೇರುದಾರರ ಹೊಣೆಗೆ. ಓದಿದವರಿಗೆ ಕಂಪನಿಗೇ ಏನೋ ಮೂಗುದಾರ ಹಾಕ್ಯಾರ ಅನಸ್ತೈತಿ.
— ಗದಗ

'ನಿಯಮಿತ'ಕ್ಕೆ ಬೇರೆ ಓಲೆ ತೆರೆಯಿರಿ.
— ಧಾರವಾಡ

'ಜಂಟಿ ಕಂಪನಿ' ಹಾಕಿ ಕಳಿಸಿದೆ. ಮಾಹಿತಿ ಹಕ್ಕಿನ ಸಾಲು ದಪ್ಪಕ್ಷರದಲ್ಲಿದೆ.
— ಹುಬ್ಬಳ್ಳಿ